ತೆಮಿಯ ಕಾಲಿನ ಬಣ್ಣ

ಸೆಂಟರ್‌ವಿಲ್

ಟಪ್, ಟಪ್, ಟಪ್. ಅಮೆರಿಕದಲ್ಲಿ ಮೊದಲ ಬೆಳಿಗ್ಗೆ ನನ್ನನ್ನು ಎಬ್ಬಿಸಿದ ಸದ್ದು ಇದು. ಅರೆನಿದ್ದೆಯಲ್ಲಿ ನಾನಿನ್ನೂ ಮೈಸೂರಿನಲ್ಲೇ ಇದ್ದೇನೆ, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಯಾರೋ ಬೆಡ್‌ಶೀಟು ಬಡಿಯುತ್ತಿದ್ದಾರೆ ಅಂದುಕೊಂಡೆ. ಕಣ್ಣು ಬಿಟ್ಟರೆ ಕಿಟಕಿಯಾಚೆ ಎಲೆಯುದುರಿದ ಮರಗಳು, ರಸ್ತೆಯ ಬದಿಗೆ ತಳ್ಳಿದ ಕೊಳಕು ಹಿಮದ ಗುಡ್ಡೆ. ಒಗೆಯುವುದಕ್ಕೊಂದು, ಒಣಗಿಸುವುದಕ್ಕೊಂದು ಮಷೀನು ಇರುವ ಮನೆಯಲ್ಲಿ, ಈ ಚಳಿಯಲ್ಲಿ, ಬಟ್ಟೆ ಒಗೆಯುತ್ತಿರುವ ಮಹಾತಾಯಿ ಯಾರಪ್ಪ ಎಂದು ಶಾಲು ಹೊದ್ದು ಕೆಳಗಿಳಿದೆ.

ಹಿಂಬಾಗಿಲ ಸಿಮೆಂಟು ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಗಾಢ ಕಪ್ಪು ಮೈಬಣ್ಣ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿನ ಬೆನ್ನು, ತಲೆಗೆ ಕಿತ್ತಳೆ ಬಣ್ಣದ ಬಟ್ಟೆ. ಕೈಯಲ್ಲಿ ಹೊಚ್ಚ ಹೊಸ ಗುಲಾಬಿ ಸ್ಯಾಟಿನ್ ಶೂ. ಅದನ್ನು ಎತ್ತೆತ್ತಿ ಮೆಟ್ಟಿಲಿಗೆ ಬಡಿಯುತ್ತಿದ್ದಳು.

"ವಾಟ್ ಆರ್ ಯೂ ಡೂಯಿಂಗ್, ಚೈಲ್ಡ್! ಅಷ್ಟು ಚೆಂದದ ಶೂ!" ಎಂದೆ.

ಅವಳು ಶೂ ಕೆಳಗಿಟ್ಟು, ಎದ್ದು, ಆ ತಣ್ಣನೆಯ ಸಿಮೆಂಟಿನ ಮೇಲೆ ಎರಡೂ ಮಂಡಿ ಊರಿ ತಲೆ ಬಾಗಿಸಿದಳು. "ಗುಡ್ ಮಾರ್ನಿಂಗ್, ಮಾ."

ನನ್ನ ಕೈ ತಾನಾಗಿ ಅವಳ ತಲೆಯ ಮೇಲೆ ಹೋಯಿತು. ಬಾಯಿ ತಾನಾಗಿ "ದೀರ್ಘಸುಮಂಗಲೀ ಭವ" ಅಂದುಬಿಟ್ಟಿತು. ಹಾಗಂದರೆ ಏನು ಎಂದು ಕೇಳಿದಳು. ನಿನ್ನ ಗಂಡ ಬಹುಕಾಲ ಬಾಳಲಿ ಅಂತ, ಎಂದೆ.

"ಮಾ, ನನಗೆ ಗಂಡ ಇಲ್ಲ. ಎರಡು ಮಂಡಿ ಇವೆ. ಅವು ಬಹುಕಾಲ ಬಾಳಲಿ ಅಂತ ಹೇಳ್ತೀರಾ?"

ಹೇಳಿದೆ. ಇಬ್ಬರೂ ನಕ್ಕೆವು. (ಅವಳು ಮಾತಾಡುವುದೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳ ಧ್ವನಿಯ ಏರಿಳಿತ ಮಾತ್ರ ನನಗೆ ಬರೆಯಲು ಬರುವುದಿಲ್ಲ.)

ಹುಡುಗಿಯ ಹೆಸರು ತೆಮಿ. ಊರು ನೈಜೀರಿಯಾದ ಲೇಗೋಸ್. ಅವರಲ್ಲಿ ಹಿರಿಯರಿಗೆ ಮಂಡಿಯೂರಿಯೇ ನಮಸ್ಕಾರವಂತೆ. ಬ್ಯಾಲೆ ಕಲಿಯಲು ಬಂದವಳು. ಈ ಮನೆಯ ಯಜಮಾನಿ, ನನ್ನ ತಂಗಿಯ ಮಗಳು ಶೈಲಾ, ಇಲ್ಲಿ ವರ್ಜೀನಿಯಾದಲ್ಲಿ ಫಿಸಿಕಲ್ ಥೆರಪಿಸ್ಟ್. ಫೇರ್‌ಫ್ಯಾಕ್ಸಿನ ಒಂದು ಬ್ಯಾಲೆ ಶಾಲೆಯ ಮಕ್ಕಳ ಮಂಡಿ, ಹಿಮ್ಮಡಿಗಳನ್ನು ನೋಡಿಕೊಳ್ಳುವವಳು. ಅವಳ ಮಗಳು ಕಾಲೇಜಿಗೆಂದು ಬೇರೆ ಊರಿಗೆ ಹೋದ ಮೇಲೆ ಖಾಲಿಯಾದ ಕೋಣೆಯನ್ನು ಈ ಹುಡುಗಿಗೆ ಕೊಟ್ಟಿದ್ದಾಳೆ. ಹೊಸ ಶೂವಿನ ಮೂತಿ ಗಟ್ಟಿ ಇರುತ್ತದಂತೆ. ಹಾಗೇ ಹಾಕಿಕೊಂಡು ಕುಣಿದರೆ ಕುದುರೆ ನಡೆದ ಹಾಗೆ ಸದ್ದು. ಅದಕ್ಕೆ ಮೊದಲೇ ಬಡಿದು ಸದ್ದು ಸಾಯಿಸಬೇಕು. ನಮ್ಮಲ್ಲಿ ಕಾಲಿಗೆ ಗೆಜ್ಜೆ ಕಟ್ಟಿ ಸದ್ದು ಕೇಳಲಿ ಎಂದು ಕುಣಿಯುತ್ತೇವೆ. ಇವರು ಕಾಲು ನೆಲ ಮುಟ್ಟಿದ್ದೇ ಗೊತ್ತಾಗಬಾರದು ಎಂದು ಕುಣಿಯುತ್ತಾರೆ.

ಬಡಿದ ಮೇಲೆ ಇನ್ನೊಂದು ಕೆಲಸ. ಮುಖಕ್ಕೆ ಹಚ್ಚುವ ಫೌಂಡೇಶನ್ ಕ್ರೀಮನ್ನು, ಕಡು ಕಂದು ಬಣ್ಣದ್ದನ್ನು, ಆ ಗುಲಾಬಿ ಸ್ಯಾಟಿನ್ನಿಗೆ ಸ್ಪಂಜಿನಿಂದ ಸವರುತ್ತಿದ್ದಳು. ಸ್ಯಾಟಿನ್ನು ಹಾಳಾಗುತ್ತಲ್ಲ ಎಂದು ನನ್ನ ಜೀವ ಒದ್ದಾಡಿತು.

"ಲೇಗೋಸಿನಲ್ಲಿ ನಮಗೆ ಸಿಗ್ತಿದ್ದದ್ದು ಯಾರೋ ದಾನ ಕೊಟ್ಟ ಶೂ, ಮಾ. ಎಲ್ಲ ಪಿಂಕ್. ಕನ್ನಡಿ ನೋಡಿದ್ರೆ ನನ್ನ ಕಾಲು ಪಾದದ ಗಂಟಿನ ಹತ್ರ ನಿಂತುಹೋಗ್ತಿತ್ತು. ಅಲ್ಲಿಂದ ಕೆಳಗೆ ಇನ್ಯಾರದೋ ಪಾದ. ಇಲ್ಲಿ ನಮ್ಮ ಟೀಚರ್ ಬಣ್ಣ ಹಚ್ಚೋದು ತೋರಿಸಿಕೊಟ್ಟರು. ಮೊದಲ ದಿನ ಕನ್ನಡಿ ನೋಡಿ ಗುರುತೇ ಸಿಗ್ಲಿಲ್ಲ, ಅಷ್ಟು ಉದ್ದ ಕಾಲು!"

ಗುಲಾಬಿ ಎನ್ನುವುದು ಬಿಳಿಯರ ಚರ್ಮಕ್ಕೆ ಹೊಂದಲಿ ಎಂದು ಮಾಡಿದ ಬಣ್ಣ ಎನ್ನುವುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಲ್ಯಾನ್‌ಹ್ಯಾಮ್

ಭಾನುವಾರ ದೇವಸ್ಥಾನಕ್ಕೆ ಹೊರಟಾಗ ತೆಮಿಯೂ ಬರುತ್ತೇನೆಂದಳು. ಲ್ಯಾನ್‌ಹ್ಯಾಮಿನ ದೇವಸ್ಥಾನ ಕಾರಿನಲ್ಲಿ ಮುಕ್ಕಾಲು ಗಂಟೆ, ಟ್ರಾಫಿಕ್ ಸಿಕ್ಕಿದರೆ ದೇವರೇ ಗತಿ. ಚಪ್ಪಲಿ ಬಿಡುವ ಕಡೆ ಒಂದು ಸಮಸ್ಯೆ ಬಂತು. ಅವಳ ಹೆಗಲ ಚೀಲದಲ್ಲಿ ಬ್ಯಾಲೆ ಶೂ. ಚೀಲವನ್ನು ಚಪ್ಪಲಿಗಳ ನಡುವೆ ಇಡಲು ಅವಳು ಒಪ್ಪಲಿಲ್ಲ. ಕಾಲಿಗೆ ಹಾಕುವ ವಸ್ತುವನ್ನು ಗರ್ಭಗುಡಿಯ ಮುಂದೆ ಒಯ್ಯಲು ನನಗೆ ಮನಸ್ಸಾಗಲಿಲ್ಲ.

"ದೊಡ್ಡಮ್ಮ, ಅದು ಒಂದಿನಾನೂ ಬೀದಿ ಮುಟ್ಟಿಲ್ಲ," ಎಂದಳು ಶೈಲಾ. "ನಮ್ಮ ಗೆಜ್ಜೆ ಥರ ಅಂದ್ಕೊಳ್ಳಿ."

ಅಂದುಕೊಂಡೆ. ದೇವರಿಗೂ ಬೇಜಾರಾದ ಹಾಗೆ ಕಾಣಲಿಲ್ಲ.

ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತಿದ್ದಾಗ ಜಯನಗರದ ಕಡೆಯ ಹೆಂಗಸೊಬ್ಬರು ಪಕ್ಕಕ್ಕೆ ಬಂದು ಕೂತರು. ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು, "ಯಾರ್ರೀ ಈ ಹುಡುಗಿ?" ಎಂದರು.

"ನಮ್ಮನೇಲಿ ಇದಾಳೆ. ಡ್ಯಾನ್ಸ್ ಓದ್ತಿದಾಳೆ."

"ಹೌದಾ! ನಮ್ಮ ಮಗಳೂ ಭರತನಾಟ್ಯ ಮಾಡ್ತಿದ್ಲು. ರಂಗಪ್ರವೇಶ ಆಯ್ತು, ಕಾಲೇಜ್ ಅಪ್ಲಿಕೇಶನ್ನಿಗೆ ಒಳ್ಳೇದಾಯ್ತು. ಈಗ ಮೆಡಿಸಿನ್ ಮಾಡ್ತಿದಾಳೆ. ಇವಳು ಮುಂದೆ ಏನು ಮಾಡ್ತಾಳೆ?"

"ಡ್ಯಾನ್ಸೇ."

"ಅದು ಸರಿ ಆಂಟಿ. ಆಮೇಲೆ?"

"ಆಮೇಲೂ ಡ್ಯಾನ್ಸೇ ಕಣಮ್ಮ."

ಆಕೆ ತೆಮಿಯನ್ನು ಕನಿಕರದಿಂದ ನೋಡಿ ಇನ್ನೊಂದು ಸೌಟು ಪುಳಿಯೋಗರೆ ಹಾಕಿಸಿದರು. ತೆಮಿ ಅದನ್ನೂ ಮುಗಿಸಿ, ನಮ್ಮ ಜೊಲ್ಲೋಫ್ ಅನ್ನ ಇದಕ್ಕಿಂತ ಖಾರ, ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಕಾರಿನಲ್ಲಿ ಬರುವಾಗ ಶೈಲಾ ನಿಜ ಸಂಗತಿ ಹೇಳಿದಳು. ಫೇರ್‌ಫ್ಯಾಕ್ಸಿನ ಕೋರ್ಸು ಬೇಸಿಗೆಗೆ ಮುಗಿಯುತ್ತದೆ. ಅಷ್ಟರಲ್ಲಿ ಇನ್ನೊಂದು ದೊಡ್ಡ ಶಾಲೆ ಸ್ಕಾಲರ್‌ಶಿಪ್ ಕೊಟ್ಟು ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ವೀಸಾ ಮುಗಿಯಿತು, ಹುಡುಗಿ ವಾಪಸ್ ಲೇಗೋಸಿಗೆ. ಉಳಿದಿದ್ದದ್ದು ಎರಡು ಆಡಿಷನ್: ಒಂದು ಶಾರ್ಲಟ್‌ನಲ್ಲಿ, ಒಂದು ಅಟ್ಲಾಂಟಾದಲ್ಲಿ. ಶೈಲಾ ಡ್ರೈವ್ ಮಾಡಿಕೊಂಡು ಕರೆದುಕೊಂಡು ಹೋಗುವವಳು.

ಅಂದು ತೆಮಿಯ ತಾಯಿ ವಿಡಿಯೋ ಕಾಲ್ ಮಾಡಿದರು. ಲೇಗೋಸಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಂಗಸು. ಹಿಂದೆ ಗೋಡೆ ತುಂಬ ಬಣ್ಣಬಣ್ಣದ ಬಟ್ಟೆ. ನನ್ನ ಇಂಗ್ಲಿಷ್ ಕೇಳಿ, "ಮಾಮಾ, ನೀವು ಕಾನ್ವೆಂಟಾ?" ಎಂದರು. ಹೌದು ಎಂದೆ. ನಾನೂ ಎಂದರು. ತಕ್ಷಣ ಆಕೆ ಎದ್ದು ನಿಂತು, ಕೈ ಹಿಂದೆ ಕಟ್ಟಿ, ರಾಗವಾಗಿ ಎಳೆದರು: "ಗುಡ್ ಮಾಆಆರ್ನಿಂಗ್, ಸಿಸ್ಟರ್!" ನಾನೂ ಅದೇ ರಾಗದಲ್ಲಿ, ಅದೇ ಜಾಗದಲ್ಲಿ ಉಸಿರು ತೆಗೆದುಕೊಂಡು, ಹೇಳಿದೆ. ಸಮುದ್ರಗಳ ಆಚೆ ಈಚೆ ನಮಗೆ ಅದೇ ರಾಗ ಕಲಿಸಿದ್ದರು. ಶೈಲಾ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು.

ಆಮೇಲೆ ಆ ತಾಯಿ ನಗು ನಿಲ್ಲಿಸಿ ಹೇಳಿದರು: "ಮಾಮಾ, ಡಾಕ್ಟರಮ್ಮ ಒಳ್ಳೆಯವರು, ಆದರೆ ಚಿಕ್ಕವರು. ನೀವು ಜೊತೆಗೆ ಹೋಗಿ. ಮನೆಯ ಹಿರಿ ಹೆಂಗಸು ಹಿಂದೆ ಕೂತಿದ್ದರೆ ನನ್ನ ಮಗಳು ಎದುರು ಇರುವವರಿಗೆ ಹೆದರೋದಿಲ್ಲ." ಐವತ್ತು ದಾಟಿದ ಶೈಲಾ ತನ್ನನ್ನು ಚಿಕ್ಕವಳೆಂದರಲ್ಲ ಎಂದು ಇಡೀ ವಾರ ಖುಷಿಯಾಗಿದ್ದಳು.

ಶಾರ್ಲಟ್

ದಾರಿ ಉದ್ದಕ್ಕೂ ಪೈನ್ ಮರಗಳು. ವರ್ಜೀನಿಯಾ ದಾಟಿ ಉತ್ತರ ಕೆರೊಲಿನಾ ಸೇರುತ್ತಿದ್ದ ಹಾಗೆ ಜನರ ಮಾತು ನಿಧಾನವಾಯಿತು, ನಗು ಜಾಸ್ತಿಯಾಯಿತು. ಊಟಕ್ಕೆ ನಿಂತಲ್ಲಿ ನನ್ನ ಅರ್ಧ ವಯಸ್ಸಿನ ಸರ್ವರ್ ಹುಡುಗಿ ನನ್ನನ್ನು ಹನಿ ಎಂದು ಕರೆದಳು, ಸ್ವೀಟ್‌ಹಾರ್ಟ್ ಎಂದಳು. ಮೈಸೂರಿನಲ್ಲಿ ನಮ್ಮ ಯಜಮಾನರು ಕೂಡ ಅಷ್ಟು ಧೈರ್ಯ ಮಾಡಿದವರಲ್ಲ. ಟೀ ಕೇಳಿದರೆ ಐಸು ತುಂಬಿದ ಲೋಟದಲ್ಲಿ ಪಾಕದಷ್ಟು ಸಿಹಿಯಾದ ತಣ್ಣನೆ ಟೀ ತಂದಿಟ್ಟಳು. ಆ ಊರಿನಲ್ಲಿ ಟೀ ಎಂದರೆ ಅದೇ. ಬಿಸಿ ಬೇಕಾದರೆ ಬಾಯಿಬಿಟ್ಟು ಹೇಳಬೇಕು. ನನ್ನ ಕಾಫಿ ಫಿಲ್ಟರು, ಪುಡಿ ಎರಡನ್ನೂ ಸೂಟ್‌ಕೇಸಿನಲ್ಲಿ ಇಟ್ಟುಕೊಂಡಿದ್ದಕ್ಕೆ ಶೈಲಾ ಬೆಳಿಗ್ಗೆ ಗೇಲಿ ಮಾಡಿದ್ದಳು. ಆ ಟೀ ಕುಡಿದ ಮೇಲೆ ತನಗೂ ಕಾಫಿ ಬೇಕೆಂದಳು.

ಆಡಿಷನ್ ಎಂದರೆ ನಾನು ಸ್ಟೇಜು, ಪರದೆ, ಮೈಕು ಎಂದೆಲ್ಲ ಊಹಿಸಿದ್ದೆ. ಅದು ಒಂದು ದೊಡ್ಡ ಕೋಣೆ, ಸುತ್ತ ಕನ್ನಡಿ, ಎದೆಗೆ ನಂಬರ್ ಚುಚ್ಚಿಕೊಂಡ ಹುಡುಗಿಯರು. ಮುಂದೆ ಮೇಜಿನ ಹಿಂದೆ ಕೂತವರು ನಗುವುದೂ ಇಲ್ಲ, ತಲೆ ಆಡಿಸುವುದೂ ಇಲ್ಲ. ಹೊರಗೆ ತಾಯಂದಿರು ಮಡಚುವ ಕುರ್ಚಿ ತಂದು, ಉಲ್ಲನ್ ಹೆಣೆಯುತ್ತ, ಡಬ್ಬಿಗಳಲ್ಲಿ ದ್ರಾಕ್ಷಿ ಹಂಚುತ್ತ ಕೂತಿದ್ದರು. ನಮ್ಮ ಸಂಗೀತ ಸ್ಪರ್ಧೆಗಳ ತಾಯಂದಿರ ಹಾಗೇ ಒಬ್ಬರ ಮಗಳನ್ನು ಒಬ್ಬರು ಹೊಗಳುತ್ತ, ಕಣ್ಣು ಮಾತ್ರ ಬಾಗಿಲ ಮೇಲೆ.

ತೆಮಿ ಚೆನ್ನಾಗಿ ಮಾಡಿದಳೆಂದು ಶೈಲಾ ಹೇಳಿದಳು. ನನಗೇನು ಗೊತ್ತು? ಕಾನ್ವೆಂಟಿನ ವಾರ್ಷಿಕೋತ್ಸವದಲ್ಲಿ ಬಣ್ಣದ ರಿಬ್ಬನ್ನು ಹಿಡಿದು ಕಂಬದ ಸುತ್ತ ಕುಣಿದದ್ದೇ ನನ್ನ ಪಾಶ್ಚಾತ್ಯ ನೃತ್ಯದ ವಿದ್ಯೆ.

ಸಂಜೆ ಕಾರಿನಲ್ಲಿ ಹೋಗುತ್ತಿದ್ದಾಗಲೇ ತೆಮಿಯ ಫೋನಿಗೆ ಉತ್ತರ ಬಂತು. ಓದಿ, ಫೋನನ್ನು ತೊಡೆಯ ಮೇಲೆ ಬೋರಲು ಹಾಕಿ, ಕಿಟಕಿಯ ಹೊರಗೆ ನೋಡುತ್ತ ಕೂತಳು.

"ಇಲ್ಲ ಅಂದ್ರಾ?" ಎಂದಳು ಶೈಲಾ.

"ಬಹಳ ಪೊಲೈಟ್ ಆಗಿ ಇಲ್ಲ ಅಂದಿದಾರೆ."

ಇನ್ನು ಉಳಿದದ್ದು ಅಟ್ಲಾಂಟಾ ಒಂದೇ.

ಗ್ರೀನ್‌ವಿಲ್

ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್ ಹತ್ತಿರ ಹೆದ್ದಾರಿ ಬದಿಯ ಮೋಟೆಲಿನಲ್ಲಿ ಉಳಿದೆವು. ಬೆಳಗಿನ ತಿಂಡಿಗೆ ಗ್ರಿಟ್ಸ್ ಎಂಬ ಪದಾರ್ಥ. ಬಿಳಿ ಮೆಕ್ಕೆಜೋಳದ ನುಚ್ಚು ಬೇಯಿಸಿ ಬೆಣ್ಣೆ ಹಾಕಿದ್ದು. ನಮ್ಮ ನುಚ್ಚಿನ ಗಂಜಿ ಎಂದೆ ನಾನು, ನಮ್ಮ ಓಗಿ ಎಂದಳು ತೆಮಿ. ಏನೇ ಇರಲಿ ಸಪ್ಪೆ ಎನ್ನುವುದರಲ್ಲಿ ಒಮ್ಮತವಿತ್ತು. ಅವಳು ಚೀಲದಿಂದ ಮೆಣಸಿನ ಪುಡಿಯ ಬಾಟಲಿ ತೆಗೆದಳು, ನಾನು ಚಟ್ನಿಪುಡಿಯ ಡಬ್ಬಿ ತೆಗೆದೆ. ಅದಲು ಬದಲು ಮಾಡಿಕೊಂಡೆವು.

ಆಮೇಲೆ ಕೋಣೆಗೆ ಹೋಗಿ ಅಂದು ಮಧ್ಯಾಹ್ನದ ಅಟ್ಲಾಂಟಾ ಆಡಿಷನ್ನಿಗೆಂದು ಎತ್ತಿಟ್ಟ ಹೊಸ ಶೂ ತೆಗೆದವಳು ಚೀಲವನ್ನು ಹಾಸಿಗೆಯ ಮೇಲೆ ಸುರಿದಳು. ಕ್ರೀಮಿನ ಬಾಟಲಿ ಇಲ್ಲ. ಶಾರ್ಲಟ್‌ನ ಡ್ರೆಸ್ಸಿಂಗ್ ರೂಮಿನಲ್ಲಿ ಬಿಟ್ಟು ಬಂದಿದ್ದಳು. ಹಳೆಯ ಜೋಡಿಯ ಮೂತಿ ನಿನ್ನೆಯೇ ಮೆತ್ತಗಾಗಿತ್ತು, ಅದರಲ್ಲಿ ಇನ್ನು ತುದಿಬೆರಳ ಮೇಲೆ ನಿಲ್ಲಲಾಗದು.

ಹತ್ತಿರದ ಔಷಧಿ ಅಂಗಡಿಗೆ ಓಡಿದೆವು. ಭಾನುವಾರದ ಬೆಳಿಗ್ಗೆ, ಊರೆಲ್ಲ ಚರ್ಚಿನಲ್ಲಿ. ಕಪಾಟಿನಲ್ಲಿ ಹಾಲಿನ ಬಣ್ಣದಿಂದ ಶುರುವಾದ ಸಾಲು ಗೋಧಿಯ ಬಣ್ಣಕ್ಕೆ ಬಂದು ನಿಂತಿತ್ತು. ನನ್ನ ಮುಖಕ್ಕೇ ಹೊಂದುವುದಿರಲಿಲ್ಲ, ತೆಮಿಗೆಲ್ಲಿಂದ?

"ಒಂದಿನ ಪಿಂಕ್ ಹಾಕ್ಕೋ ಮರೀ," ಎಂದಳು ಶೈಲಾ. "ಅವರು ನೋಡೋದು ಡ್ಯಾನ್ಸು, ಬಣ್ಣ ಅಲ್ಲ."

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದ ಹುಡುಗಿ ಆ ಕಪಾಟಿನ ಮುಂದೆ ನಿಂತು ಅತ್ತಳು. "ಇವತ್ತಿಂದು ಅಮೆರಿಕದಲ್ಲಿ ನನ್ನ ಕೊನೆಯ ಆಡಿಷನ್ ಆದರೆ ಆಗಲಿ ಆಂಟಿ. ಆದರೆ ನನ್ನ ಕಾಲು ಪೂರ್ತಿ ನನ್ನದಾಗಿರಬೇಕು."

ನನಗೆ ಇದ್ದಕ್ಕಿದ್ದ ಹಾಗೆ ಸಿಸ್ಟರ್ ಆಗ್ನೆಸ್ ನೆನಪಾದರು. ನಮ್ಮ ಹೊಲಿಗೆಯ ಸಿಸ್ಟರ್. ಕ್ರಿಸ್ಮಸ್ ನಾಟಕದಲ್ಲಿ ಕುರುಬರ ಮೇಲಂಗಿಗೆಂದು ಪ್ರತಿ ವರ್ಷ ಬಿಳಿ ಬೆಡ್‌ಶೀಟುಗಳನ್ನು ಗಟ್ಟಿ ಟೀ ನೀರಿನಲ್ಲಿ, ಚಿಟಿಕೆ ಉಪ್ಪು ಹಾಕಿ, ಬಣ್ಣ ಕಟ್ಟಿಸುತ್ತಿದ್ದರು.

"ಶೈಲಾ, ರೂಮಿಗೆ ನಡಿ," ಎಂದೆ. "ಡಿಕಾಕ್ಷನ್ ಹಾಕ್ತೀನಿ."

"ದೊಡ್ಡಮ್ಮ, ಈಗ ಕಾಫಿ ಕುಡಿಯೋ ಹೊತ್ತಾ?"

"ಕುಡಿಯೋದಕ್ಕಲ್ಲವೇ ಪೆದ್ದಿ!"

ನಮ್ಮ ಪುಡಿಗೆ ಚಿಕೋರಿ ಕೈ ಬಿಚ್ಚಿ ಹಾಕಿಸುವುದು ನನ್ನ ಅಭ್ಯಾಸ. ಫಿಲ್ಟರಿನಿಂದ ಇಳಿದ ಮೊದಲ ಡಿಕಾಕ್ಷನ್ ಟಾರಿನ ಹಾಗೆ ಕಪ್ಪಗಿತ್ತು. ಅದನ್ನು ಮೈಕ್ರೋವೇವಿನಲ್ಲಿ ಇನ್ನಷ್ಟು ಬತ್ತಿಸಿದೆ. ಉಪ್ಪು ತಿಂಡಿಯ ಕೋಣೆಯಿಂದ ಬಂತು. ಅದ್ದಬಾರದು, ಒಳಗಿನ ಅಂಟು ನೆನೆದರೆ ಶೂ ಸತ್ತ ಹಾಗೆ ಎಂದು ತೆಮಿ ಎಚ್ಚರಿಸಿದಳು. ಸವರಲು ಹತ್ತಿ ಬೇಕಲ್ಲ? ನನ್ನ ಕೈಚೀಲದಲ್ಲಿ ದೀಪಕ್ಕೆಂದು ಇಟ್ಟುಕೊಂಡ ಹೂಬತ್ತಿಯ ಪೊಟ್ಟಣವಿತ್ತು. ಒಂದೊಂದೇ ಹೂಬತ್ತಿಯನ್ನು ಡಿಕಾಕ್ಷನ್ನಿಗೆ ಮುಟ್ಟಿಸಿ, ಹಿಂಡಿ, ಸ್ಯಾಟಿನ್ನಿಗೆ ಒತ್ತುತ್ತ ಹೋದೆವು. ನಾನು ಎಡಗಾಲಿನ ಶೂ, ತೆಮಿ ಬಲಗಾಲಿನದು, ಶೈಲಾ ಹೇರ್ ಡ್ರೈಯರ್ ಹಿಡಿದು ನಿಂತಳು.

ಮೊದಲ ಸಲಕ್ಕೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣ. ಎರಡನೆಯ ಸಲಕ್ಕೆ ಸ್ಟ್ರಾಂಗ್ ಕಾಫಿ. ಆಮೇಲೂ ಒತ್ತಿದೆವು. ಹಾಲೆಲ್ಲ ಹೋಗಿ ಬರೀ ಡಿಕಾಕ್ಷನ್ ಉಳಿದ ಬಣ್ಣ ಬಂದಾಗ ತೆಮಿ ಶೂವನ್ನು ತನ್ನ ಕಾಲಿನ ಪಕ್ಕ ಹಿಡಿದಳು. ಕಿಟಕಿಯ ಪರದೆ ಸರಿಸಿ ಬೆಳಕಿನಲ್ಲಿ ಮತ್ತೆ ಹಿಡಿದಳು.

"ಮಾ," ಎಂದಳು, "ಬಾಟಲಿಯ ಬಣ್ಣಕ್ಕಿಂತ ಇದೇ ಹತ್ತಿರ."

ರಿಬ್ಬನ್ನುಗಳನ್ನು ನಾನೇ ಹೊಲಿದೆ. ನನ್ನ ಹೊಲಿಗೆ ನೋಡಿ ತೆಮಿ, ಮಮ್ಮಿ ಕೂಡ ಇಷ್ಟು ಸಣ್ಣ ಹೊಲಿಗೆ ಹಾಕುವುದಿಲ್ಲ, ಎಂದಳು. ಸಿಸ್ಟರ್ ಆಗ್ನೆಸ್ ಒಂದು ಸಲವೂ ಹಾಗೆ ಹೊಗಳಿದವರಲ್ಲ. ಬಿಚ್ಚು, ಮತ್ತೆ ಹಾಕು, ಇಷ್ಟೇ.

ಅಟ್ಲಾಂಟಾ

ಅಟ್ಲಾಂಟಾದ ಆ ಶಾಲೆಯಲ್ಲಿ ಒಂದು ಗೋಡೆ ಗಾಜಿನದು. ಹೊರಗಿನಿಂದ ನೋಡಬಹುದು. ನಾನು ಮೈಸೂರು ಸಿಲ್ಕ್ ಉಟ್ಟು, ಕೆಳಗೆ ಶೈಲಾಳ ಸ್ನೀಕರ್ಸ್ ಹಾಕಿ, ಗಾಜಿನ ಹತ್ತಿರದ ಬೆಂಚಿನಲ್ಲಿ ಕೂತೆ. ಹಿರಿ ಹೆಂಗಸು ಹಿಂದೆ ಕೂತಿರಬೇಕೆಂದು ತಾಯಿ ಹೇಳಿದ್ದರಲ್ಲ.

ಹುಡುಗಿಯರು ಬೆವರತೊಡಗಿದ ಸ್ವಲ್ಪ ಹೊತ್ತಿಗೆ ನನ್ನ ಪಕ್ಕದ ತಾಯಿ ಮೂಗೆತ್ತಿದಳು. "ಎಲ್ಲೋ ಒಳ್ಳೆ ಕಾಫಿ ಮಾಡ್ತಿದಾರೆ, ನಿಮಗೂ ಬರ್ತಿದೆಯಾ ವಾಸನೆ?" ಇನ್ನೊಬ್ಬಳು ಎದ್ದು ಕಾಫಿ ಮಷೀನು ಹುಡುಕಿಕೊಂಡು ಹೋದಳು. ಶೈಲಾ ನನ್ನ ಕೈ ಚಿವುಟಿದಳು. ನಾನು ಜಪ ಮಾಡುವವಳ ಹಾಗೆ ಕಣ್ಣು ಮುಚ್ಚಿಕೊಂಡೆ.

ತೆರೆದಾಗ, ಕೋಲು ಹಿಡಿದ ಮುದುಕಿ, ಆ ಶಾಲೆಯ ದೊಡ್ಡ ಟೀಚರಂತೆ, ತೆಮಿಯ ಮುಂದೆ ನಿಂತಿದ್ದರು. ಬಾಗಿಲು ಅರ್ಧ ತೆರೆದಿದ್ದರಿಂದ ಮಾತು ಕೇಳಿಸಿತು.

"ಈ ವಾಸನೆ ನಿನ್ನಿಂದಲಾ?"

"ನನ್ನ ಶೂಗಳಿಂದ, ಮಾ." ತೆಮಿಯ ಮಂಡಿ ಅಭ್ಯಾಸಬಲದಿಂದ ಬಗ್ಗಿ ಅರ್ಧಕ್ಕೆ ನಿಂತಿತು. "ಕಾಫಿಯಿಂದ ಬಣ್ಣ ಹಾಕಿದೀವಿ."

"ಯಾರು ಹಾಕಿದ್ದು?"

ತೆಮಿ ಗಾಜಿನಾಚೆ ನನ್ನ ಕಡೆ ಕೈ ತೋರಿಸಿದಳು. ಆ ಮುದುಕಿ ತಿರುಗಿ ನೋಡಿದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. ಆಕೆಯೂ ಸಿಸ್ಟರುಗಳ ಹಾಗೇ ನಗದೆ ನೋಡುವವರು. ತಲೆಯಿಂದ ಸ್ನೀಕರ್ಸ್ ತನಕ ನನ್ನನ್ನು ನೋಡಿ, ಮತ್ತೆ ತೆಮಿಯ ಕಡೆ ತಿರುಗಿ, "ಈಗ ಮಾಡಿದ್ದನ್ನು ಇನ್ನೊಂದು ಸಲ ಮಾಡು. ನೀನೊಬ್ಬಳೇ," ಎಂದರು.

ಅವಳು ಮಾಡಿದಳು. ಒಂದು ಕಾಲಿನ ತುದಿಬೆರಳ ಮೇಲೆ ನಿಂತು ಇನ್ನೊಂದು ಕಾಲನ್ನು ಹಿಂದೆ ಎತ್ತಿದಳು. ಎತ್ತುತ್ತಲೇ ಹೋದಳು. ಸೊಂಟದಿಂದ ಹೆಬ್ಬೆರಳ ತನಕ ಎಲ್ಲೂ ಮುರಿಯದ ಒಂದೇ ಗೆರೆ. ಆಗ ನನಗೆ, ಬ್ಯಾಲೆಯ ಗಂಧವಿಲ್ಲದ ನನಗೆ ಕೂಡ, ಅವಳು ಆ ಅಂಗಡಿಯಲ್ಲಿ ಯಾಕೆ ಅತ್ತಳು ಎನ್ನುವುದು ಅರ್ಥವಾಯಿತು.

ಸೆಂಟರ್‌ವಿಲ್, ಮತ್ತೆ

ಉತ್ತರ ಬಂದದ್ದು ವಾಪಸ್ಸಾದ ಮೇಲೆ, ಚೆರ್ರಿ ಹೂವಿನ ದಿನಗಳಲ್ಲಿ. ಪೂರ್ತಿ ಸ್ಕಾಲರ್‌ಶಿಪ್ಪಿನ ಜೊತೆಗೆ ಸೀಟು. ತೆಮಿ ಅಡುಗೆಮನೆಯಿಂದ ಬಾಗಿಲ ತನಕ ಒಂದೇ ನೆಗೆತಕ್ಕೆ ಹಾರಿದಳು. ಲೇಗೋಸಿಗೆ ಕಾಲ್ ಮಾಡಿದೆವು. ತಾಯಿ ಕೇಳಿ, ಎರಡೂ ಕೈ ತಲೆಯ ಮೇಲಿಟ್ಟು ಕೂಗಿದರು. ಅಷ್ಟರಲ್ಲಿ ಪರದೆ ಕಪ್ಪಾಯಿತು.

"ಲೈಟ್ ತೆಗೆದರು, ಮಾಮಾ!" ಎಂದು ಕತ್ತಲೆಯೊಳಗಿಂದ ಆಕೆಯ ದನಿ.

"ಕರೆಂಟ್ ಹೋಯ್ತಾ? ನಮ್ಮಲ್ಲೂ ಹಾಗೇ!" ಎಂದೆ.

ಆ ಕಪ್ಪು ಪರದೆಯಿಂದ ಮೊದಲು ಒಂದು ಹಾಡು ಕೇಳಿಸಿತು, ಆಮೇಲೆ ಅಂಗಡಿಯ ಇನ್ನಷ್ಟು ದನಿಗಳು, ಆಮೇಲೆ ಚಪ್ಪಾಳೆ. ಯಾರ ಮುಖವೂ ಕಾಣುತ್ತಿರಲಿಲ್ಲ. ತೆಮಿ ಫೋನನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ದೊಡ್ಡಮ್ಮ, ಸೀಟು ಸಿಕ್ಕಿದ್ದು ನಿಮ್ಮ ಕಾಫಿಯಿಂದ ಅಲ್ಲ, ಗೊತ್ತಾಯ್ತಾ?" ಎಂದಳು ಶೈಲಾ. ನಾನು ಹಾಗೆಂದು ಎಲ್ಲಿಯೂ ಹೇಳಿಲ್ಲ. ಮೈಸೂರಿಗೆ ಫೋನು ಮಾಡಿದಾಗ ನಮ್ಮ ಬೀದಿಯ ಇಬ್ಬರಿಗೆ ಮಾತ್ರ ಹೇಳಿದೆ.

ಅಟ್ಲಾಂಟಾ, ಜೂನ್

ಬೇಸಿಗೆಯಲ್ಲಿ ಅವಳನ್ನು ಬಿಡಲು ಮತ್ತೆ ಹೋದೆವು. ಹಾಸ್ಟೆಲಿಗೆ ಪೆಟ್ಟಿಗೆ ಏರಿಸಿ ಆಗುವುದರೊಳಗೆ ಕ್ಲಾಸಿನ ಹೊತ್ತಾಗಿತ್ತು. ತೆಮಿ ಕಾರಿಡಾರಿನಲ್ಲೇ ಮಂಡಿಯೂರಿ, ನಾನು ಏನನ್ನಾದರೂ ಹೇಳುವ ಮೊದಲೇ ಎದ್ದು, ಓಡಿದಳು. ಪರವಾಗಿಲ್ಲ, ಕ್ಲಾಸಿಗೆ ತಡವಾಗಬಾರದು.

ನನ್ನ ವಿಮಾನ ಮುಂದಿನ ವಾರವಿತ್ತು. ತೆಮಿಯನ್ನು ನಾನು ಕಡೆಯ ಸಲ ನೋಡಿದ್ದು ಆ ಮಧ್ಯಾಹ್ನ, ಗಾಜಿನ ಈಚೆಯಿಂದ.

ಅವಳು ಒಂದು ಕಾಲಿನ ಮೇಲೆ ಗಿರಗಿರನೆ ತಿರುಗುತ್ತಿದ್ದಳು. ಮೈ ತಿರುಗಿದರೂ ಮುಖ ನನ್ನ ಕಡೆಯೇ ಇರುತ್ತಿತ್ತು, ಕಡೆಯ ಗಳಿಗೆಯಲ್ಲಿ ಚಕ್ಕನೆ ಸುತ್ತಿ ಮತ್ತೆ ನನ್ನ ಕಡೆಗೇ ಬರುತ್ತಿತ್ತು. ನೋಡೇ, ನನ್ನನ್ನೇ ನೋಡುತ್ತಿದ್ದಾಳೆ, ಎಂದು ಕೈ ಎತ್ತಿದೆ. ಶೈಲಾ ಮೆಲ್ಲಗೆ ಹಿಡಿದುಕೊಂಡಳು.

"ಬೇಡ ದೊಡ್ಡಮ್ಮ. ತಲೆ ಸುತ್ತಬಾರದು ಅಂತ ಒಂದು ಕಡೆ ಕಣ್ಣು ನೆಟ್ಟಿರ್ತಾರೆ. ಗಾಜಿನ ಮೇಲೆ ನಿಮ್ಮ ತಲೆ ಹತ್ರ ಎಲ್ಲೋ ಗುರಿ ಇಟ್ಕೊಂಡಿದಾಳೆ. ನೀವು ಅಲುಗಾಡಿದ್ರೆ ಅವಳು ಬೀಳ್ತಾಳೆ."

ನಾನು ಕೈ ಇಳಿಸಿದೆ. ಎ.ಸಿ. ಗಾಳಿಗೆ ಹಾರದ ಹಾಗೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಗೋಡೆಯ ಹಾಗೆ ನಿಂತೆ. ಆ ಮುಖ ಬಂತು, ಹೋಯಿತು, ಮತ್ತೆ ಬಂತು. ನನ್ನನ್ನು ಕಾಣಲಿಲ್ಲ. ಗುರಿ ಒಂದು ಸಲವೂ ತಪ್ಪಲಿಲ್ಲ.